ಮಡಿ ಏರಿಸಬೇಡಿ, ಪಾತಿ ತೋಡಿ

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಅಡಿಕೆ ತೋಟದ ಮನೆ. ಅಮ್ಮ ಹಿತ್ತಿಲಿಗೆ ಏನು ಎಸೆದರೂ ಹುಟ್ಟುತ್ತಿತ್ತು. ಕೆಲಸದ ಮೇಲೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಲ್ಬುಕರ್ಕಿಗೆ ಬಂದು ಎರಡು ವರ್ಷವಾಯಿತು. ಹಿತ್ತಿಲಲ್ಲಿ ಹಲಗೆ ಹೊಡೆದು ಒಂದೂವರೆ ಅಡಿ ಎತ್ತರದ ಮಡಿ ಮಾಡಿದೆ. ಅಂಗಡಿಯಿಂದ ಚೀಲಗಟ್ಟಲೆ ಮಣ್ಣು ತಂದು ತುಂಬಿದೆ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನೀರು ಹಾಕುತ್ತೇನೆ. ಆದರೂ ಟೊಮೆಟೊ ಹೂವು ಉದುರುತ್ತದೆ, ಮೆಂತ್ಯ ಬೆರಳುದ್ದ ಆಗುವುದರೊಳಗೆ ಹೂ ಬಿಡುತ್ತದೆ, ಕುಂಡದ ಕರಿಬೇವು ಹಳದಿಯಾಗಿದೆ. ಊರಿನ ರೂಢಿಯಂತೆ ಬೂದಿ, ಮೊಟ್ಟೆ ಚಿಪ್ಪು ಎಲ್ಲ ಹಾಕಿ ನೋಡಿದೆ. ಇನ್ನೇನು ಮಾರ್ಚ್ ಮುಗಿಯುತ್ತಿದೆ. ಈ ವರ್ಷ ಮತ್ತೆ ಶುರು ಮಾಡಲೋ, ಬಿಟ್ಟೇಬಿಡಲೋ?

ಉತ್ತರ: ಬಿಡಬೇಡಿ. ನೀವು ಮಾಡಿದ್ದರಲ್ಲಿ ಒಂದೂ ತಪ್ಪಲ್ಲ, ಸಾಗರದಲ್ಲಿ ಮಾಡಿದ್ದಿದ್ದರೆ. ನಿಮ್ಮ ಕೈಗೆ ಮಲೆನಾಡಿನ ಅಭ್ಯಾಸ ಇದೆ. ಮಲೆನಾಡಿನ ತೋಟಗಾರಿಕೆಯ ಅರ್ಧ ಕೆಲಸ ನೀರನ್ನು ಆಚೆ ಕಳಿಸುವುದು. ಬಸಿಗಾಲುವೆ ತೆಗೆಯುತ್ತೀರಿ, ಮಡಿ ಏರಿಸುತ್ತೀರಿ, ಮಳೆಗಾಲದಲ್ಲಿ ಬೇರು ಕೊಳೆಯದಂತೆ ಕಾಯುತ್ತೀರಿ. ಇಲ್ಲಿ ಅದೇ ಕೆಲಸವನ್ನು ತಿರುಗಿಸಿ ಮಾಡಬೇಕು. ಬಿದ್ದ ಒಂದು ಹನಿಯೂ ಆಚೆ ಹೋಗಬಾರದು.

ನಾನು ವಿಜಯಪುರದ ಕಡೆಯವನು. ಅದಕ್ಕೇ ಇಲ್ಲಿಗೆ ಬಂದಾಗ ನಿಮ್ಮಷ್ಟು ಕಷ್ಟಪಡಲಿಲ್ಲ ಎಂದು ಹೇಳೋಣ ಅಂದರೆ ಅದು ಸುಳ್ಳಾಗುತ್ತದೆ. ಮೊದಲ ಎರಡು ವರ್ಷ ನಾನೂ ಹಲಗೆ ಹೊಡೆದು ಮಡಿ ಏರಿಸಿದವನೇ. ಅಕ್ಕಪಕ್ಕದವರು ಮಾಡಿದ್ದನ್ನು ನೋಡಿ ಮಾಡಿದ್ದು.

ಮೊದಲು ನೀವು ಎಲ್ಲಿದ್ದೀರಿ ಎಂದು ನೋಡಿ. ಅಲ್ಬುಕರ್ಕಿ ಸುಮಾರು 5,300 ಅಡಿ ಎತ್ತರದಲ್ಲಿದೆ. ಒಂದು ಗಂಟೆ ದೂರದ ಸಾಂಟಾ ಫೆ 7,000 ಅಡಿ. ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿ ಒಂದು ಇಡೀ ಊರು. ಎತ್ತರ ಎಂದ ಕೂಡಲೇ ನಮ್ಮ ತಲೆಗೆ ಬರುವುದು ಮಂಜು, ಜಿಟಿಜಿಟಿ ಮಳೆ, ಕಾಫಿ, ಏಲಕ್ಕಿ. ಇಲ್ಲಿ ಎತ್ತರ ಇದೆ, ಮಳೆ ಇಲ್ಲ. ಅಲ್ಬುಕರ್ಕಿಗೆ ಇಡೀ ವರ್ಷಕ್ಕೆ ಬೀಳುವುದು 220 ಮಿ.ಮೀ. ಹತ್ತಿರ. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ವಾರಕ್ಕೇ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಬರದ ಜಿಲ್ಲೆ ಎಂದು ಹೆಸರಾದ ನಮ್ಮ ವಿಜಯಪುರಕ್ಕೂ 600 ಮಿ.ಮೀ. ಆಸುಪಾಸು ಬೀಳುತ್ತದೆ.

ಮಳೆ ಕಡಿಮೆ ಎನ್ನುವುದು ಕಥೆಯ ಅರ್ಧ ಮಾತ್ರ. ಇನ್ನರ್ಧ ಗಾಳಿ. ಮಾರ್ಚ್‌ನಿಂದ ಮೇ ತನಕ ಬೀಸುವ ಗಾಳಿಯನ್ನು ನೀವೇ ನೋಡಿದ್ದೀರಿ, ಕಸದ ಡಬ್ಬಿ ಬೀದಿಯ ಆ ತುದಿಗೆ ಹೋಗಿರುತ್ತದೆ. ಮಧ್ಯಾಹ್ನದ ಹೊತ್ತು ಗಾಳಿಯಲ್ಲಿ ತೇವ ಹತ್ತು-ಹದಿನೈದು ಶೇಕಡಾ ಮಾತ್ರ ಇರುವ ದಿನಗಳು ಬೇಕಾದಷ್ಟು. ಒಗೆದು ಹಾಕಿದ ಜೀನ್ಸ್ ಒಂದು ಗಂಟೆಯಲ್ಲಿ ಗರಿಗರಿ ಒಣಗುತ್ತದೆ ಅಲ್ವಾ? ಎಲೆಗೂ ಅದೇ ಆಗುತ್ತಿರುತ್ತದೆ. ಎತ್ತರದ ಬಿಸಿಲಂತೂ ತೆಳು ಗಾಳಿಯಲ್ಲಿ ಸೋಸದೇ ಬರುತ್ತದೆ. ಜೂನ್ ತಿಂಗಳಲ್ಲಿ ಚೆನ್ನಾಗಿ ಬೆಳೆದ ತರಕಾರಿ ಮಡಿಯಿಂದ ದಿನಕ್ಕೆ ಸುಮಾರು ಮೂರನೇ ಒಂದು ಇಂಚು ನೀರು ಆವಿಯಾಗಿ ಹೋಗುತ್ತದೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಏರಿಸಿದ ಮಡಿಗೆ ಬರೋಣ. ಅದು ನಾಲ್ಕೂ ಕಡೆ ಬಿಸಿಲು, ಗಾಳಿಗೆ ಮೈಯೊಡ್ಡಿ ನಿಂತ ಪೆಟ್ಟಿಗೆ. ಹಲಗೆ ಕಾಯುತ್ತದೆ, ಹಲಗೆಯ ಪಕ್ಕದ ಬೇರು ಬೇಯುತ್ತದೆ. ಒಳಗಿನ ಚೀಲದ ಮಣ್ಣಿನಲ್ಲಿ ಸಾಮಾನ್ಯವಾಗಿ ಪೀಟ್, ಅಂದರೆ ಜೌಗು ನೆಲದಲ್ಲಿ ಕಳಿತ ಪಾಚಿಯ ಪುಡಿ, ಜಾಸ್ತಿ ಇರುತ್ತದೆ. ಪೀಟ್ ಒದ್ದೆ ಇರುವ ತನಕ ಒಳ್ಳೆಯದು. ಒಮ್ಮೆ ಪೂರ್ತಿ ಒಣಗಿತೋ, ಆಮೇಲೆ ನೀರು ಹೀರುವುದೇ ಇಲ್ಲ. ನಾಳೆ ಬೆಳಿಗ್ಗೆ ನೀರು ಹಾಕಿದ ಹತ್ತು ನಿಮಿಷಕ್ಕೆ ಕುರ್ಪಿ ತಗೊಂಡು ಮಡಿಯ ನಡುವೆ ಅರ್ಧ ಅಡಿ ಬಗೆದು ನೋಡಿ. ಮೇಲೆ ಒಂದಿಂಚು ಕಪ್ಪಗೆ ಒದ್ದೆ, ಕೆಳಗೆ ಕಾಫಿಪುಡಿಯ ಹಾಗೆ ಉದುರುದುರು. ನೀವು ಹಾಕಿದ ನೀರು ಹಲಗೆಯ ಅಂಚಿನಲ್ಲಿ ಸರ್ರನೆ ಇಳಿದು ಹೋಗಿರುತ್ತದೆ. ಎರಡು ಹೊತ್ತು ನೀರು ಕುಡಿಸಿಯೂ ಗಿಡ ಬಾಯಾರಿ ನಿಂತಿರುವುದು ಹೀಗೆ.

ಹಾಗಾದರೆ ಏನು ಮಾಡಬೇಕು? ನೀವಿರುವ ಊರಿಂದ ಪಶ್ಚಿಮಕ್ಕೆ ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಝೂನಿ ಎಂಬ ಊರು ಸಿಗುತ್ತದೆ. ಝೂನಿ ಜನ ಇಲ್ಲಿನ ಮೂಲ ನಿವಾಸಿಗಳು. ಅವರ ಹೆಂಗಸರು ಮನೆ ಹತ್ತಿರ, ಹೊಳೆಯ ಪಕ್ಕ ತರಕಾರಿ ಬೆಳೆಯುತ್ತಿದ್ದ ರೀತಿಗೆ ಇಂಗ್ಲಿಷ್ ಬಲ್ಲವರು ವಾಫಲ್ ಗಾರ್ಡನ್ ಎನ್ನುತ್ತಾರೆ. ನೆಲದಲ್ಲಿ ಚೌಕ ಚೌಕವಾಗಿ ತಗ್ಗು. ಪ್ರತಿ ಚೌಕದ ಸುತ್ತ ಕೆಸರು ಮಣ್ಣಿನ ಗಿಡ್ಡ ಗೋಡೆ. ಹೊಳೆಯಿಂದ ಮಡಕೆಯಲ್ಲಿ ನೀರು ತಂದು ಒಂದೊಂದೇ ಚೌಕಕ್ಕೆ ಹಾಕುವುದು. ನೀರು ಗೋಡೆ ದಾಟಿ ಹೋಗುವುದಿಲ್ಲ. ಗಾಳಿ ಗೋಡೆಯ ಮೇಲಿಂದ ಹಾದು ಹೋಗುತ್ತದೆ. ಎಳೆ ಸಸಿಗೆ ಬೆಳಿಗ್ಗೆ, ಸಂಜೆ ಗೋಡೆಯದೇ ಒಂದು ತುಣುಕು ನೆರಳು.

ಮೊದಲ ಸಲ ಅದರ ಹಳೆಯ ಫೋಟೋ ನೋಡಿದಾಗ ನನಗೆ ನಗು ಬಂತು. ಇದು ನಮ್ಮ ಚೌಕುಮಡಿ! ವಿಜಯಪುರದ ಎರೆ ಹೊಲಗಳಲ್ಲಿ ಮುಂಗಾರಿನ ಹೊತ್ತಿಗೆ ಹೊಲವನ್ನು ಚೌಕ ಚೌಕ ಬದು ಹಾಕಿ ಬಿಡುತ್ತಾರೆ. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಆಮೇಲೆ ಹಿಂಗಾರಿ ಜೋಳ ಆ ತೇವದ ಮೇಲೇ ನಿಲ್ಲುತ್ತದೆ. ಸಾವಿರಾರು ಮೈಲಿ ದೂರದ ಇಬ್ಬರು ಒಕ್ಕಲಿಗರು, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಉಪಾಯಕ್ಕೆ ಬಂದಿದ್ದಾರೆ. ನಾನು ಮಾತ್ರ ಚೌಕುಮಡಿ ನೋಡುತ್ತ ಬೆಳೆದವನು ಇಲ್ಲಿ ಬಂದು ಹಲಗೆ ಹೊಡೆಯುತ್ತಿದ್ದೆ.

ಮಾಡುವ ರೀತಿ ಹೇಳುತ್ತೇನೆ. ಎರಡಡಿಗೆ ಎರಡಡಿ ಚೌಕ ಗುರುತು ಮಾಡಿ. ಮೊದಲು ಒಂದೇ ಒಂದು ಗುಣಿ ತೋಡಿ, ಒಂದೂವರೆ ಅಡಿ ಆಳ. ತುಂಬ ನೀರು ಸುರಿದು, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ರಾತ್ರಿ ಬಿಡಿ. ಬೆಳಿಗ್ಗೆಯೂ ನೀರು ಹಾಗೇ ನಿಂತಿದ್ದರೆ ಕೆಳಗೆ ಕಲೀಚೆ ಇದೆ. ಇಲ್ಲಿನ ಮಣ್ಣಲ್ಲಿ ಸುಣ್ಣ ಸೇರಿ ಸೇರಿ ಕಾಂಕ್ರೀಟಿನ ಹಾಗೆ ಗಟ್ಟಿಯಾದ ಬಿಳಿ ಪದರಕ್ಕೆ ಆ ಹೆಸರು. ತೆಳುವಾಗಿದ್ದರೆ ಹಾರೆ, ಪಿಕಾಸಿಯಲ್ಲಿ ಒಡೆಯಿರಿ. ದಪ್ಪ ಇದ್ದರೆ ಸೊಂಟ ಕಳೆದುಕೊಳ್ಳಬೇಡಿ, ಜಾಗ ಬದಲಿಸಿ. ನೀರು ಇಂಗಿದ್ದರೆ ಇಡೀ ಚೌಕದ ಮಣ್ಣನ್ನು ಒಂದಡಿ ಸಡಿಲಿಸಿ, ಎರಡು ಮೂರು ಇಂಚು ಕಾಂಪೋಸ್ಟ್ ಬೆರೆಸಿ. ಇಲ್ಲಿನ ಮಣ್ಣಲ್ಲಿ ಕೊಳೆತ ಎಲೆ-ಕಡ್ಡಿಯ ಅಂಶ ನೂರಕ್ಕೆ ಒಂದೂ ಇರುವುದಿಲ್ಲ, ಹಾಗಾಗಿ ಕಾಂಪೋಸ್ಟ್ ಬಿಡುವ ಹಾಗಿಲ್ಲ. ಮಿಕ್ಕ ಮಣ್ಣನ್ನು ಸುತ್ತ ಎಳೆದು ಬದು ಕಟ್ಟಿ. ಕೊನೆಗೆ ಪಾತಿಯ ಮಟ್ಟ ಓಡಾಡುವ ದಾರಿಗಿಂತ ಐದಾರು ಇಂಚು ಕೆಳಗೆ ಇರಬೇಕು. ನಿಮ್ಮ ಹಲಗೆ ಮಡಿಯ ಮಣ್ಣು ಹಾಳಾಗುವುದಿಲ್ಲ, ಅದನ್ನೂ ಈ ಪಾತಿಗೇ ಬೆರೆಸಿ.

ಇಂಥ ಎಂಟು ಪಾತಿ ಸಾಕು ಈ ವರ್ಷಕ್ಕೆ. ಉತ್ಸಾಹದಲ್ಲಿ ಮೂವತ್ತು ತೋಡಬೇಡಿ.

ಈಗ ನೀರು. ಎರಡಡಿ ಚೌಕಕ್ಕೆ ಒಂದು ಇಂಚು ನೀರು ಅಂದರೆ ಸುಮಾರು ಒಂಬತ್ತೂವರೆ ಲೀಟರ್. ಸುಲಭಕ್ಕೆ ಒಂದು ಸಣ್ಣ ಬಕೆಟ್ ಅನ್ನಿ. ಆಗ ಹೇಳಿದ ಲೆಕ್ಕ ತೆಗೆಯಿರಿ. ಜೂನ್‌ನಲ್ಲಿ ದಿನಕ್ಕೆ ಮೂರನೇ ಒಂದು ಇಂಚು ಹೋಗುತ್ತದೆ ಅಂದರೆ ಒಂದು ಬಕೆಟ್ ಮೂರು ದಿನಕ್ಕೆ ಬರುತ್ತದೆ. ಮೂರು ದಿನಕ್ಕೊಮ್ಮೆ ಪಾತಿ ತುಂಬ ಹಾಕಿ, ನಡುವೆ ಸುಮ್ಮನಿರಿ. ಬೀಜ ಮೊಳೆಯುವಾಗ, ಸಸಿ ನೆಟ್ಟ ಮೊದಲ ವಾರ ಮಾತ್ರ ದಿನಾ ಬೇಕು. ಮೇಲೆ ಮೇಲೆ ದಿನಾ ಚಿಮುಕಿಸಿದರೆ ಬೇರು ಮೇಲೇ ಹಬ್ಬುತ್ತದೆ, ಮೇಲಿನ ಮಣ್ಣೇ ಮೊದಲು ಒಣಗುವುದು. ಮೂರನೇ ದಿನ ಮಧ್ಯಾಹ್ನ ಬದನೆ ಎಲೆ ಜೋತು ಬಿದ್ದರೆ ಗಾಬರಿಯಾಗಿ ಪೈಪ್ ಹಿಡಿಯಬೇಡಿ. ಈ ಬಿಸಿಲಿಗೆ ಗಿಡ ಹಾಗೆ ಮಾಡುವುದು ಸಹಜ. ಬೆಳಿಗ್ಗೆ ಏಳು ಗಂಟೆಗೂ ಜೋತಿದ್ದರೆ ಆಗ ನೀರು ಬೇಕು ಎಂದರ್ಥ. ಅನುಮಾನ ಬಂದರೆ ಉದ್ದದ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ. ಒದ್ದೆ ಮಣ್ಣಲ್ಲಿ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯುತ್ತದೆ, ಒಣ ಮಣ್ಣು ಸಿಕ್ಕಲ್ಲಿ ಟಕ್ ಎಂದು ನಿಲ್ಲುತ್ತದೆ.

ಡ್ರಿಪ್ ಹಾಕಿಸಿದ್ದರೂ ಇದೇ ನಿಯಮ. ಗಂಟೆಗೆ ನಾಲ್ಕು ಲೀಟರ್ ಬಿಡುವ ಹನಿಕೆಯನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ಮುಕ್ಕಾಲು ಲೀಟರೂ ಬಿದ್ದಿರುವುದಿಲ್ಲ. ಅದು ಗಿಡದ ಬಾಯಿ ಒದ್ದೆ ಮಾಡಿದ ಹಾಗೆ. ತಾಸುಗಟ್ಟಲೆ ಓಡಿಸಿ, ಆಮೇಲೆ ದಿನ ಬಿಟ್ಟು ಓಡಿಸಿ. ಇನ್ನೊಂದು, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟುವುದನ್ನು ನೋಡಿರಬಹುದು. ಅದು ನಲ್ಲಿ ನೀರಿನ ಉಪ್ಪು, ಸುಣ್ಣ. ತಿಂಗಳಿಗೊಮ್ಮೆ ಪಾತಿಗೆ ಎರಡರಷ್ಟು ನೀರು ಬಿಟ್ಟರೆ ಬೇರಿನಿಂದ ಕೆಳಕ್ಕೆ ಇಳಿದು ಹೋಗುತ್ತದೆ.

ಎರಡು ವಾರ ಊರಿಗೆ ಹೋಗುವವರಿಗೆ ನಾನು ಹೇಳುವುದು ಮಡಕೆ. ಬಣ್ಣ, ಮೆರುಗು ಇಲ್ಲದ ಮಣ್ಣಿನ ಮಡಕೆಯನ್ನು ಕುತ್ತಿಗೆ ತನಕ ಪಾತಿಯ ನಡುವೆ ಹೂತು, ನೀರು ತುಂಬಿ ಮುಚ್ಚಳ ಹಾಕುವುದು. ಮಣ್ಣು ಒಣಗಿದಷ್ಟೂ ಮಡಕೆ ಜಿನುಗುತ್ತದೆ. ಇಲ್ಲಿ ಇದಕ್ಕೆ ಓಯಾ ಎನ್ನುತ್ತಾರೆ, ಅಂಗಡಿಯಲ್ಲಿ ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ. ಸಾದಾ ಟೆರಾಕೋಟಾ ಹೂಕುಂಡದ ತಳದ ತೂತು ಮುಚ್ಚಿದರೂ ಅದೇ ಕೆಲಸ. ಆದರೆ ಎರಡು ವಾರಕ್ಕೆ ಒಂದು ತುಂಬು ಸಾಲದು, ನಾಲ್ಕೈದು ದಿನಕ್ಕೊಮ್ಮೆ ತುಂಬಲು ಪಕ್ಕದ ಮನೆಯವರಿಗೆ ಹೇಳಿ ಹೋಗಿ.

ನೀರು ಹಾಕಿದ ಮೇಲೆ ಮಣ್ಣು ಬರಿಮೈಯಲ್ಲಿ ಇರಬಾರದು. ಮೂರು ಇಂಚು ಹುಲ್ಲು, ಒಣ ಎಲೆ, ಮರದ ಚಕ್ಕೆ ಏನಾದರೂ ಹೊದಿಸಿ. ಊರಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ಹೊದಿಸುವುದು ನಿಮಗೆ ಹೇಳಿಕೊಡಬೇಕಿಲ್ಲ. ಆದರೆ ಹುಲ್ಲು, ಗೊಬ್ಬರದ ವಿಷಯದಲ್ಲಿ ನನಗಾದ ಪಾಡು ಕೇಳಿ.

ನಾನು ಬಂದ ಮೂರನೇ ವರ್ಷ. ಕುದುರೆ ಸಾಕಿದವರೊಬ್ಬರು ಗೊಬ್ಬರ ಪುಕ್ಕಟೆ ಕೊಡುತ್ತೇನೆ ಎಂದರು. ಪಿಕಪ್‌ನಲ್ಲಿ ತುಂಬಿಕೊಂಡು ಬಂದೆ. ಒಂದು ವರ್ಷ ಕಳಿತ, ವಾಸನೆಯೂ ಇಲ್ಲದ ಚಿನ್ನದಂಥ ಗೊಬ್ಬರ. ಟೊಮೆಟೊ ನೆಟ್ಟು ಮೂರು ವಾರಕ್ಕೆ ತುದಿ ಎಲೆಗಳು ಬಾಯಿ ಮುಚ್ಚಿದ ಹಾಗೆ ಒಳಕ್ಕೆ ಸುರುಳಿ ಸುತ್ತಿದವು, ಕಾಂಡ ತಿರುಚಿಕೊಂಡಿತು, ಹೊಸ ಎಲೆ ಜರೀಗಿಡದ ಎಲೆಯ ಹಾಗೆ ಸಣ್ಣಗೆ ಬಂತು. ರೋಗ ಇರಬೇಕೆಂದು ಔಷಧಿ ಹುಡುಕಿದೆ. ರೋಗ ಅಲ್ಲ. ಕುದುರೆ ತಿಂದ ಹುಲ್ಲಿನ ಗದ್ದೆಗೆ ಅಗಲ ಎಲೆಯ ಕಳೆ ಸಾಯಲೆಂದು ಅಮಿನೊಪೈರಾಲಿಡ್ ಜಾತಿಯ ಕಳೆನಾಶಕ ಹೊಡೆದಿದ್ದರು. ಅದು ಹುಲ್ಲಿಗೆ ಏನೂ ಮಾಡುವುದಿಲ್ಲ. ಕುದುರೆಯ ಹೊಟ್ಟೆ ದಾಟಿ, ತಿಪ್ಪೆಯಲ್ಲಿ ಕಳಿತರೂ ಉಳಿಯುತ್ತದೆ. ಆ ಜಾಗದಲ್ಲಿ ಮುಂದಿನ ವರ್ಷವೂ ಹುರುಳಿಕಾಯಿ ಏಳಲಿಲ್ಲ, ಮೆಕ್ಕೆಜೋಳ ಹಾಕಿ ಕಾಲ ಕಳೆದೆ.

ಈಗ ಯಾರು ಗೊಬ್ಬರ ಕೊಟ್ಟರೂ ಮೊದಲು ನಾಲ್ಕು ಸಣ್ಣ ಕುಂಡ. ಎರಡರಲ್ಲಿ ಆ ಗೊಬ್ಬರ ಬೆರೆಸಿದ ಮಣ್ಣು, ಎರಡರಲ್ಲಿ ಬೆರೆಸದ ಮಣ್ಣು. ನಾಲ್ಕಕ್ಕೂ ಬೀನ್ಸ್ ಬೀಜ. ಮೂರು ವಾರ ನೋಡಿ. ಗೊಬ್ಬರದ ಕುಂಡದ ಎಲೆ ಮಾತ್ರ ಮುರುಟಿದರೆ ಕೊಟ್ಟವರಿಗೆ ವಾಪಸ್ ಮಾಡಿ. ಕುಂಡ ಒಂದರ ನೀರು ಇನ್ನೊಂದಕ್ಕೆ ಹರಿಯದಂತೆ ಇಡಿ, ಇಲ್ಲದಿದ್ದರೆ ನಾಲ್ಕೂ ಮುರುಟಿ ನಿಮಗೇ ಗೊಂದಲ.

ಬೂದಿ, ಮೊಟ್ಟೆ ಚಿಪ್ಪು ಇವತ್ತೇ ನಿಲ್ಲಿಸಿ. ಮಲೆನಾಡಿನ ಮಣ್ಣು ಹುಳಿ, ಅಷ್ಟು ಮಳೆಗೆ ಸುಣ್ಣ ತೊಳೆದು ಹೋಗಿರುತ್ತದೆ. ಅಲ್ಲಿ ಬೂದಿ ಔಷಧಿ. ಇಲ್ಲಿ ತೊಳೆದುಕೊಂಡು ಹೋಗಲು ಮಳೆಯೇ ಇಲ್ಲ, ಸುಣ್ಣ ಎಲ್ಲ ಮಣ್ಣಲ್ಲೇ ಇದೆ. ಮಣ್ಣಿನ ಹುಳಿ-ಕ್ಷಾರ ಅಳೆಯುವ ಪಿಎಚ್ ಇಲ್ಲಿ ಏಳೂವರೆಯಿಂದ ಎಂಟೂವರೆ, ಏಳು ದಾಟಿದರೆ ಕ್ಷಾರ ಎಂದರ್ಥ. ಒಂದು ಚಮಚ ಒಣಮಣ್ಣಿನ ಮೇಲೆ ವಿನೆಗರ್ ಬಿಡಿ. ಸೋಡಾದ ಹಾಗೆ ಬುಸಬುಸ ನೊರೆ ಬಂದರೆ ಅದೇ ಸುಣ್ಣ. ಟೊಮೆಟೊ ತಳ ಕಪ್ಪಾಗುವುದು ಕ್ಯಾಲ್ಸಿಯಂ ಕೊರತೆಯಿಂದ ಎಂದು ಓದಿ ಜನ ಚಿಪ್ಪು ಹಾಕುತ್ತಾರೆ. ಇಲ್ಲಿ ಕ್ಯಾಲ್ಸಿಯಂಗೆ ಕೊರತೆ ಇಲ್ಲ. ಒಂದು ದಿನ ನೀರು, ನಾಲ್ಕು ದಿನ ಬರಗಾಲ ಮಾಡಿದರೆ ಅದು ಕಾಯಿಗೆ ತಲುಪುವುದಿಲ್ಲ, ಅಷ್ಟೇ.

ಕರಿಬೇವು ಹಳದಿಯಾಗಿದ್ದಕ್ಕೂ ಇದೇ ಮೂಲ. ಎಲೆ ಹತ್ತಿರ ಹಿಡಿದು ನೋಡಿ. ನರ ಹಸಿರಾಗಿದ್ದು ನಡುವಿನ ಜಾಗ ಹಳದಿ, ಅದೂ ಚಿಗುರಲ್ಲೇ ಜಾಸ್ತಿ ಇದ್ದರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಸುಣ್ಣ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಂಗಡಿಯಲ್ಲಿ ಸಿಗುವ ಕಬ್ಬಿಣದ ಪುಡಿಗಳಲ್ಲಿ ಇಡಿಟಿಎ ಎಂದು ಬರೆದಿದ್ದು ಈ ಮಣ್ಣಿಗೆ ದಂಡ. ಇಡಿಡಿಎಚ್‌ಎ ಎಂದು ಬರೆದಿರುವುದನ್ನೇ ತನ್ನಿ. ಕೆಂಪು ಕುಂಕುಮದ ನೀರಿನ ಹಾಗೆ ಕರಗುತ್ತದೆ, ಬಿಳಿ ಅಂಗಿ ಹಾಕಿಕೊಂಡು ಕಲಸಬೇಡಿ. ಕುಂಡಕ್ಕೆ ನಲ್ಲಿ ನೀರಿನ ಬದಲು ಮಳೆನೀರು ಹಾಕಿದರೆ ಇನ್ನೂ ಒಳ್ಳೆಯದು. ನೂರು ಚದರ ಮೀಟರ್ ಮಾಡಿನ ಮೇಲೆ 10 ಮಿ.ಮೀ. ಬಿದ್ದರೂ ಸಾವಿರ ಲೀಟರ್ ಲೆಕ್ಕ, ಕೆಳಗೊಂದು ಡ್ರಮ್ ಇಡಿ. ಹುಳಿ ಮಜ್ಜಿಗೆ ಹಾಕಬಹುದೇ ಎಂದು ನೀವು ಕೇಳಿಲ್ಲ, ಆದರೆ ಹಾಕಿರುತ್ತೀರಿ ಎಂದು ಗೊತ್ತು. ನಾವೆಲ್ಲ ಹಾಕಿದವರೇ. ಕುಂಡದಲ್ಲಿ ತುಸು ಹುಳಿ ಮಾಡುತ್ತದೆ, ಆದರೆ ಆ ಸುಣ್ಣದ ಎದುರು ಒಂದು ಲೋಟ ಮಜ್ಜಿಗೆ ಯಾವ ಲೆಕ್ಕ. ಇಡೀ ಹಿತ್ತಿಲಿಗೇ ಗಂಧಕ ಹಾಕಿ ಪಿಎಚ್ ಇಳಿಸಿ ಎನ್ನುವ ಸಲಹೆಯೂ ಅಷ್ಟೇ. ಅರ್ಧ ಅಡಿ ಆಳದ ಮಣ್ಣಲ್ಲಿ ಶೇಕಡಾ ಒಂದರಷ್ಟು ಸುಣ್ಣ ಇದ್ದರೂ ನೂರು ಚದರ ಅಡಿಗೆ ಆರೇಳು ಕಿಲೋ ಗಂಧಕ ಬೇಕು. ಇಲ್ಲಿ ಸುಣ್ಣ ಅದಕ್ಕಿಂತ ಎಷ್ಟೋ ಜಾಸ್ತಿ ಇರುವುದು ಮಾಮೂಲು.

ಕರಿಬೇವಿನ ಬಗ್ಗೆ ಇನ್ನೊಂದು ಮಾತು. ಬೇರೆ ರಾಜ್ಯದ ಗೆಳೆಯರ ಮನೆಯಿಂದ ಸಸಿ ತರಬೇಡಿ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ, ಅದಕ್ಕೆ ಸಾಗಾಟಕ್ಕೆ ಕಟ್ಟುನಿಟ್ಟು ಇದೆ. ಊರಿಂದ ಬರುವಾಗ ಕಾಗದಪತ್ರ ಇಲ್ಲದೆ ಸೂಟ್‌ಕೇಸಿನಲ್ಲಿ ತರಕಾರಿ ಬೀಜ ತರುವುದೂ ಕಾನೂನಿಗೆ ವಿರುದ್ಧ. ಅಮೆರಿಕದಲ್ಲೇ ಭಾರತದ ತರಕಾರಿ ಬೀಜ ಮಾರುವವರು ಬೇಕಾದಷ್ಟು ಇದ್ದಾರೆ.

ಈಗ ಟೊಮೆಟೊ. ಹೂವು ಉದುರುವುದಕ್ಕೆ ನೀವು ಕಾರಣರಲ್ಲ. ಹಗಲು 35 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಇಲ್ಲಿನ ಲೆಕ್ಕದಲ್ಲಿ 95 ಫ್ಯಾರನ್‌ಹೀಟ್, ಪರಾಗ ಕೆಲಸ ಮಾಡುವುದಿಲ್ಲ. ರಾತ್ರಿ 13 ಡಿಗ್ರಿಗಿಂತ, ಅಂದರೆ 55 ಫ್ಯಾರನ್‌ಹೀಟ್‌ಗಿಂತ ಇಳಿದರೂ ಕಾಯಿ ಕಚ್ಚುವುದಿಲ್ಲ. ಒಣ ಗಾಳಿಯಲ್ಲಿ ನೆಲದ ಕಾವು ಸೂರ್ಯ ಮುಳುಗಿದ ಕೂಡಲೇ ಆಕಾಶಕ್ಕೆ ಹಾರಿ ಹೋಗುತ್ತದೆ. ಹಗಲಿಗೂ ರಾತ್ರಿಗೂ ಹದಿನೈದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇಲ್ಲಿ ಮಾಮೂಲು. ಮೇ ತಿಂಗಳ ರಾತ್ರಿ ಚಳಿಗೆ ಹೂ ಉದುರಿತು, ಜೂನ್ ಕೊನೆಯ ಹಗಲು ಬಿಸಿಗೆ ಉದುರಿತು. ಗಿಡ ಬದುಕಿದ್ದರೆ ಸಾಕು, ಜುಲೈನಲ್ಲಿ ಮೋಡ ಬರುತ್ತದೆ, ಆಗ ಕಾಯಿ ಕಚ್ಚಲು ಶುರು. ಚೆರ್ರಿ ಟೊಮೆಟೊ ಈ ಏರುಪೇರನ್ನು ದೊಡ್ಡ ಹಣ್ಣಿನ ತಳಿಗಿಂತ ಚೆನ್ನಾಗಿ ತಾಳುತ್ತದೆ, ಮೊದಲ ವರ್ಷ ಅದನ್ನೇ ಹಾಕಿ.

ಮಧ್ಯಾಹ್ನದ ಮೇಲಿನ ಬಿಸಿಲಿಗೆ ಪಶ್ಚಿಮದ ಕಡೆ ನೆರಳು ಕೊಡಿ. 30-40 ಶೇಕಡಾದ ಶೇಡ್ ನೆಟ್ ಸಾಕು. ನಮ್ಮ ಮನೆಯಲ್ಲಿ ಹಳೆಯ ತೆಳು ಹತ್ತಿ ಪಂಚೆಯನ್ನು ನಾಲ್ಕು ಕೋಲಿಗೆ ಕಟ್ಟುತ್ತೇವೆ. ಗಾಳಿಗೆ ಹಾರಿ ಪಕ್ಕದ ಮನೆಯ ಮರಕ್ಕೆ ಸಿಕ್ಕಿಕೊಂಡ ಪಂಚೆಯನ್ನು ಇಳಿಸಿಕೊಳ್ಳುವಾಗ ಅದು ಏನು ಉಡುಪು ಎಂದು ವಿವರಿಸುವುದು ಸ್ವಲ್ಪ ಕಷ್ಟ. ನೆರಳಿನಿಂದ ಇನ್ನೊಂದು ಲಾಭವೂ ಇದೆ. ಇಲ್ಲಿ ಕರ್ಲಿ ಟಾಪ್ ಎಂಬ ವೈರಸ್ ರೋಗ ಇದೆ. ಬಿಸಿಲು ಕಾಯಿಸಿಕೊಳ್ಳಲು ಇಷ್ಟಪಡುವ ಒಂದು ಸಣ್ಣ ಜಿಗಿಹುಳು ಅದನ್ನು ತರುತ್ತದೆ. ಎಲೆ ಮೇಲಕ್ಕೆ ಸುತ್ತಿ, ಒರಟಾಗಿ, ನರ ನೇರಳೆಯಾಗಿ, ಗಿಡ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೆ ಮದ್ದಿಲ್ಲ, ಕಿತ್ತು ಎಸೆಯಬೇಕು. ನೆರಳಲ್ಲಿರುವ ಗಿಡದ ಮೇಲೆ ಆ ಹುಳು ಕೂರುವುದು ಕಡಿಮೆ. ನಾಲ್ಕು ಗಿಡ ಬೇಕಿದ್ದರೆ ಆರು ನೆಡಿ.

ಮೆಂತ್ಯದ ವಿಷಯ ಸುಲಭ. ನೀವು ಅದನ್ನು ಮೇ ತಿಂಗಳಲ್ಲಿ ಬಿತ್ತಿರುತ್ತೀರಿ. ಉದ್ದ ಹಗಲು, ಬಿಸಿ ಎರಡೂ ಸೇರಿ ಹೂವಿಗೆ ಓಡುತ್ತದೆ. ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ ಇವನ್ನು ಈಗಲೇ, ಮಾರ್ಚ್ ಮುಗಿಯುವ ಮೊದಲು ಬಿತ್ತಿ. ಎರಡನೇ ಸಲ ಆಗಸ್ಟ್ ನಡುವೆ. ಅಕ್ಟೋಬರಿನ ಮೆಂತ್ಯ ಇಲ್ಲಿ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ ನಮ್ಮ ಬೀದಿಯ ಮೂರು ಮನೆಗೆ ಹಂಚಿ ಉಳಿಯುತ್ತದೆ.

ಟೊಮೆಟೊ, ಬದನೆ, ಮೆಣಸಿನ ಸಸಿಗೆ ಮಾತ್ರ ಮೇ ತನಕ ಕಾಯಿರಿ. ಏಪ್ರಿಲ್‌ನಲ್ಲಿ ಹತ್ತು ದಿನ ಬೆಚ್ಚಗಾಗಿ ನಿಮ್ಮನ್ನು ನಂಬಿಸುತ್ತದೆ, ಆಮೇಲೆ ಒಂದು ರಾತ್ರಿ ಸೊನ್ನೆಗಿಳಿದು ಸಸಿ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗಾಗುತ್ತದೆ. ಹೊಳೆಯ ಪಕ್ಕದ ತಗ್ಗಿನಲ್ಲಿ ಮನೆ ಇದ್ದರೆ ಇನ್ನೂ ಒಂದು ವಾರ ತಡೆಯಿರಿ. ತಣ್ಣನೆ ಗಾಳಿ ಭಾರ, ರಾತ್ರಿ ಇಳಿದು ತಗ್ಗಿನಲ್ಲಿ ಕೂರುತ್ತದೆ. ಗುಡ್ಡದ ಬುಡದ ಮನೆಗಳಿಗಿಂತ ಹೊಳೆ ಬದಿಯವರಿಗೇ ಫ್ರಾಸ್ಟ್, ಅಂದರೆ ಗಿಡ ಸುಡುವ ಹೆಪ್ಪುಗಟ್ಟುವ ಚಳಿ, ಜಾಸ್ತಿ. ಏಪ್ರಿಕಾಟ್ ಮರ ಈ ಮೋಸಕ್ಕೆ ಪ್ರತಿ ವರ್ಷ ಬೀಳುತ್ತದೆ. ಮಾರ್ಚ್‌ನಲ್ಲೇ ಹೂ ಬಿಟ್ಟು, ಏಪ್ರಿಲ್‌ನಲ್ಲಿ ಕಳೆದುಕೊಂಡು, ಮೂರ್ನಾಲ್ಕು ವರ್ಷಕ್ಕೊಮ್ಮೆ ಹಣ್ಣು ಕೊಡುತ್ತದೆ. ಹಣ್ಣಿನ ಮರ ಬೇಕೇ ಬೇಕು ಎನ್ನುವವರಿಗೆ ನಾನು ಹೇಳುವುದು ಜುಜುಬೆ. ನಮ್ಮ ಬೋರೆ ಹಣ್ಣಿನ ಚೀನಾ ದಾಯಾದಿ. ತಡವಾಗಿ ಚಿಗುರುತ್ತದೆ, ಫ್ರಾಸ್ಟ್ ಮುಗಿದ ಮೇಲೆ ಹೂ ಬಿಡುತ್ತದೆ, ಈ ಸುಣ್ಣದ ಮಣ್ಣಿಗೂ ಬಗ್ಗುವುದಿಲ್ಲ. ಮರ ಯಾವುದೇ ಇರಲಿ, ಚಳಿಗಾಲದಲ್ಲೂ ಹಿಮ, ಮಳೆ ಇಲ್ಲದ ತಿಂಗಳು ಒಂದು ಸಲ ಆಳವಾಗಿ ನೀರು ಬಿಡಿ. ಎಲೆ ಇಲ್ಲ ಎಂದು ಮರೆತುಬಿಡುತ್ತಾರೆ, ಬೇರು ಒಣಗಿ ಸಾಯುತ್ತದೆ.

ನಿಮ್ಮ ಊರಿನ ತಿಂಗಳ ಲೆಕ್ಕ ಪೂರ್ತಿ ಮರೆಯಬೇಕಿಲ್ಲ. ಇಲ್ಲಿಯೂ ಮುಂಗಾರು ಇದೆ. ಹೆಸರೂ ಮಾನ್ಸೂನೇ. ಜೂನ್ 15ರಿಂದ ಸೆಪ್ಟೆಂಬರ್ 30 ಎಂದು ಹವಾಮಾನದವರ ಲೆಕ್ಕ. ನಿಜವಾಗಿ ಮಳೆ ಕಾಣುವುದು ಜುಲೈ, ಆಗಸ್ಟ್‌ನಲ್ಲಿ. ಸಂಜೆ ನಾಲ್ಕಕ್ಕೆ ಗುಡುಗು, ಇಪ್ಪತ್ತು ನಿಮಿಷ ಹೊಡೆತ, ಆಮೇಲೆ ಬಿಸಿಲು. ವರ್ಷದ ಮಳೆಯಲ್ಲಿ ಹೆಚ್ಚುಕಡಿಮೆ ಅರ್ಧ ಆಗಲೇ ಬೀಳುವುದು. ಏರಿಸಿದ ಮಡಿಯಲ್ಲಿ ಆ ಇಪ್ಪತ್ತು ನಿಮಿಷದ ಮಳೆ ಜಾರಿ ಬೀದಿಗೆ ಹೋಗುತ್ತದೆ. ಪಾತಿಯಲ್ಲಿ ನಿಲ್ಲುತ್ತದೆ. ಪಕ್ಕದ ಅರಿಜೋನಾದ ಹೋಪಿ ಜನ ಇನ್ನೂ ಮುಂದೆ ಹೋಗಿ, ನೀರೇ ಹಾಯಿಸದೆ ಮೆಕ್ಕೆಜೋಳ ಬೆಳೆಯುತ್ತಾರೆ. ಚಳಿಗಾಲದ ಹಿಮ ಕರಗಿ ಇಂಗಿದ ತೇವ ಸಿಗುವ ತನಕ, ಒಂದಡಿ ಆಳಕ್ಕೂ, ಕೋಲಿನಿಂದ ಕುಣಿ ಮಾಡಿ ಒಟ್ಟಿಗೆ ಹಲವು ಕಾಳು ಹಾಕುತ್ತಾರೆ. ಅಷ್ಟು ಆಳದಿಂದ ಎದ್ದು ಬರುವಂತೆ ಆ ತಳಿ ತಲೆಮಾರುಗಳಿಂದ ಆಯ್ದು ಬಂದದ್ದು. ಅಂಗಡಿಯ ಸ್ವೀಟ್ ಕಾರ್ನ್ ಬೀಜ ಒಂದಡಿ ಆಳಕ್ಕೆ ಹಾಕಿ ನನ್ನನ್ನು ಬಯ್ಯಬೇಡಿ.

ಏನು ಬೆಳೆಯಬೇಕು ಎಂದರೆ, ಮೊದಲು ಮೆಣಸಿನಕಾಯಿ. ನೀವಿರುವುದು ಮೆಣಸಿನಕಾಯಿಯ ರಾಜ್ಯ. ಲಾಸ್ ಕ್ರೂಸೆಸ್‌ನ ಕೃಷಿ ಕಾಲೇಜಿನಲ್ಲಿ ಫಾಬಿಯಾನ್ ಗಾರ್ಸಿಯಾ ಎಂಬ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ತಳಿ ಸುಧಾರಣೆ ಶುರು ಮಾಡಿದರು, ಇವತ್ತಿನ ನ್ಯೂ ಮೆಕ್ಸಿಕೋ ಮೆಣಸಿನಕಾಯಿಯ ಹೆಚ್ಚಿನ ತಳಿಗಳು ಆ ಸಾಲಿನವು. ಹಣ್ಣಾಗಿ ಒಣಗಿದ ಅದರ ಬಣ್ಣ, ಹದವಾದ ಖಾರ ಬ್ಯಾಡಗಿಯನ್ನು ನೆನಪಿಸುತ್ತದೆ. ನಮ್ಮ ಮನೆಯ ಸಾರಿನಪುಡಿಗೆ ಈಗ ಅದೇ. ಅಲಸಂದೆ, ಬೆಂಡೆ, ದಂಟು, ಪುಂಡಿ ಸೊಪ್ಪು, ಬದನೆ ಇವಕ್ಕೆ ಇಲ್ಲಿನ ಬಿಸಿ ಖುಷಿ. ಬೆಂಡೆ, ಬದನೆ ಎಲೆಯ ಅಡಿಯಲ್ಲಿ ನುಸಿ ಕಟ್ಟಿದರೆ ಬೆಳಿಗ್ಗೆ ಪೈಪಿನಿಂದ ಎಲೆಯಡಿಗೆ ಜೋರಾಗಿ ನೀರು ಹೊಡೆಯಿರಿ, ಒಣ ಹವೆಯ ಕಾಟ ಅದು. ಅವರೆಗೆ ಮಾತ್ರ ಎಚ್ಚರ. ಊರಿನ ಸೊಗಡು ಅವರೆ ಹಗಲು ಗಿಡ್ಡವಾದ ಮೇಲೇ ಹೂ ಬಿಡುವುದು. ಇಲ್ಲಿ ಹಗಲು ಗಿಡ್ಡವಾಗುವ ಹೊತ್ತಿಗೆ ಫ್ರಾಸ್ಟ್ ಬಂದು ಕೂತಿರುತ್ತದೆ. ಬಳ್ಳಿ ಬೇಲಿ ತುಂಬ ಹಬ್ಬಿ, ಒಂದು ಕಾಯಿ ಕಾಣದೆ ಸತ್ತಿತು ಎಂದು ಎಷ್ಟೋ ಜನ ಹೇಳಿದ್ದಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-3, ಎಚ್‌ಎ-4 ತಳಿಗಳಿಗೆ ಹಗಲಿನ ಹಂಗಿಲ್ಲ, ಅಂಥವು ಸರಿಯಾದ ದಾರಿಯಲ್ಲಿ ಸಿಕ್ಕರೆ ಮಾತ್ರ ಹಾಕಿ. ತೊಗರಿಯೂ ಹೀಗೇ.

ಜುಲೈ ಮಳೆಗೆ ಪಾತಿಯಲ್ಲಿ ತಾನಾಗೇ ಹುಟ್ಟುವುದನ್ನು ಕೀಳುವ ಮೊದಲು ಬಗ್ಗಿ ನೋಡಿ. ದಪ್ಪ ಎಲೆ, ಕೆಂಪು ಕಾಂಡ, ನೆಲಕ್ಕೆ ಹರಡಿದ್ದು ಗೋಣಿ ಸೊಪ್ಪು. ಇಲ್ಲಿನ ಹಳಬರು ಅದನ್ನು ವೆರ್ದೊಲಾಗಾಸ್ ಎಂದು ಕರೆದು ಈರುಳ್ಳಿ ಜೊತೆ ಹುರಿದು ತಿನ್ನುತ್ತಾರೆ, ನಾವು ತೊಗರಿಬೇಳೆ ಹಾಕಿ ಹುಳಿ ಮಾಡುತ್ತೇವೆ. ಬೂದಿ ಚಿಮುಕಿಸಿದಂಥ ಎಲೆಯದು ಚಕ್ಕೋತ ಸೊಪ್ಪು. ಎರಡನ್ನೂ ಉಳಿಸಿಕೊಳ್ಳಿ.

ಅವುಗಳ ಪಕ್ಕದಲ್ಲೇ, ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಹರಡುವ, ಸಣ್ಣ ಹಳದಿ ಹೂವಿನ ಬಳ್ಳಿಯೂ ಬರುತ್ತದೆ. ಅದೂ ನಿಮಗೆ ಪರಿಚಯದ್ದೇ, ನೆಗ್ಗಿಲು. ಇಲ್ಲಿ ಅದಕ್ಕೆ ಗೋಟ್‌ಹೆಡ್ ಎಂದು ಹೆಸರು, ಈ ಊರಿನ ಸೈಕಲ್ ಟೈರುಗಳೆಲ್ಲ ಅದನ್ನು ಬಲ್ಲವು. ಕಾಯಿ ಕಟ್ಟುವ ಮೊದಲೇ ಬೇರು ಸಮೇತ ಕಿತ್ತು ಚೀಲಕ್ಕೆ ಹಾಕಿ, ಕಾಂಪೋಸ್ಟಿಗೆ ಅಲ್ಲ. ಮತ್ತೆ ಊರಿನ ಹಿತ್ತಿಲಿಗೆ ಇಳಿದ ಹಾಗೆ ಬರಿಗಾಲಲ್ಲಿ ಹೋಗಬೇಡಿ, ಗಟ್ಟಿ ಅಟ್ಟೆಯ ಚಪ್ಪಲಿ ಹಾಕಿಕೊಳ್ಳಿ.